ಅಕ್ಟೋಬರ್ ಕೊನೆಯಲ್ಲಿ ನೂಕ್ಸಿಯೊ ಕಾಡಿನ ಸರೋವರದಲ್ಲಿ ಒಬ್ಬನೇ ಕಯಾಕ್ ನಡೆಸಬಹುದೇ?

ಬಯಲುಸೀಮೆಯವ

ಎಲ್ಲರಿಗೂ ನಮಸ್ಕಾರ. ಫಿನ್ಲೆಂಡಿನ ಎಸ್ಪೋದಲ್ಲಿ ನನಗಿದು ಮೂರನೆಯ ಶರತ್ಕಾಲ. ಈ ಬೇಸಿಗೆಯಲ್ಲಿ ನೂಕ್ಸಿಯೊ ಕಾಡಿನ ಪಿಟ್ಕಯಾರ್ವಿ ಸರೋವರದಲ್ಲಿ ಎಂಟು ಹತ್ತು ಸಲ ಬಾಡಿಗೆಯ ಕಯಾಕ್ (ಕುಳಿತು ಹುಟ್ಟು ಹಾಕುವ ಸಪೂರ ದೋಣಿ) ನಡೆಸಿ ರುಚಿ ಹತ್ತಿದ್ದರಿಂದ ಆಗಸ್ಟ್ ಕೊನೆಯಲ್ಲಿ ಹಳೆಯದೊಂದನ್ನು ಸ್ವಂತಕ್ಕೇ ಕೊಂಡುಕೊಂಡೆ. ಪಿಟ್ಕಯಾರ್ವಿ ಎಂದರೆ ಇಲ್ಲಿನ ಭಾಷೆಯಲ್ಲಿ ಉದ್ದನೆಯ ಸರೋವರ ಎಂದೇ ಅರ್ಥ. ಹೆಸರಿಗೆ ತಕ್ಕಂತೆ ಅದು ಸಪೂರವಾಗಿ ಚಾಚಿಕೊಂಡಿದೆ, ಎರಡೂ ಕಡೆಯ ಸ್ಪ್ರೂಸ್ ಮತ್ತು ಪೈನ್ ಮರಗಳು ನೀರಿನ ಅಂಚಿನವರೆಗೂ ಇಳಿದು ಬಂದಿವೆ.

ಕಳೆದ ಭಾನುವಾರ 245ರ ಬಸ್ಸು ಹತ್ತಿ ಹಾಲ್ಟಿಯಾ ಪ್ರಕೃತಿ ಕೇಂದ್ರದ ಬಳಿ ಇಳಿದು ದಡದಲ್ಲಿ ಸುಮ್ಮನೆ ನಿಂತಿದ್ದೆ. ಜುಲೈನಲ್ಲಿ ಮಕ್ಕಳ ಕೂಗು, ತೆಪ್ಪದಂಥ ಗಾಳಿದೋಣಿಗಳು, ಈಜುವವರು ಎಂದು ಗಿಜಿಗುಡುತ್ತಿದ್ದ ಜಾಗದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನೀರಿನ ಮೇಲೆ ಮೊಣಕಾಲೆತ್ತರಕ್ಕೆ ಹಬೆ ಎದ್ದಿತ್ತು, ಅದರ ನಡುವೆ ಬರ್ಚ್ ಮರದ ಹಳದಿ ಎಲೆಗಳು ಅಲುಗಾಡದೆ ತೇಲುತ್ತಿದ್ದವು. ಆ ಮೌನದೊಳಗೆ ಒಮ್ಮೆ ಹುಟ್ಟು ಹಾಕಿಕೊಂಡು ಹೋಗಿ ಬರಬೇಕೆಂಬ ಆಸೆ ಅಂದಿನಿಂದ ಬಿಟ್ಟಿಲ್ಲ.

ಈ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಒಬ್ಬನೇ ಹೋಗಬೇಕೆಂದಿದ್ದೇನೆ. ದಾರಕ್ಕೆ ಥರ್ಮಾಮೀಟರ್ ಕಟ್ಟಿ ಇಳಿಬಿಟ್ಟು ನೋಡಿದಾಗ ನೀರು 8 ಡಿಗ್ರಿ ಇತ್ತು. ನಾನು ದಾವಣಗೆರೆ ಸೀಮೆಯ ಭದ್ರಾ ನಾಲೆಯಲ್ಲಿ ಈಜು ಕಲಿತವನು, ನೀರಿನ ಭಯವಿಲ್ಲ. ಗಾಳಿಯಿಲ್ಲದ ದಿನ, ದಪ್ಪ ಜಾಕೆಟ್ ಹಾಕಿಕೊಂಡು, ದಡದಿಂದ ಹೆಚ್ಚು ದೂರ ಹೋಗದೆ ನಡೆಸಿದರೆ ಸಾಕೇ, ಅಥವಾ ನಾನು ಗಮನಿಸದ ಸಂಗತಿ ಬೇರೇನಾದರೂ ಇದೆಯೇ, ಅನುಭವವಿದ್ದವರು ದಯವಿಟ್ಟು ತಿಳಿಸಿ.

ಶರಾವತಿ ಹಿನ್ನೀರು

ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನಾನು ಸಾಗರ ತಾಲ್ಲೂಕಿನವನು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ, ಹೊನ್ನೆಮರಡುವಿನ ದಡದಲ್ಲಿ ಹುಟ್ಟು ಹಿಡಿಯಲು ಕಲಿತೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಅಲ್ಲಿಯೂ ನೀರಿನಿಂದ ಹೀಗೆಯೇ ಹಬೆ ಏಳುತ್ತದೆ. ನೀರಿಗಿಂತ ಗಾಳಿ ಹೆಚ್ಚು ತಣ್ಣಗಿರುವಾಗ ನೀರಿನಿಂದ ಎದ್ದ ಆವಿ ಮೇಲೆಯೇ ಮಂಜಾಗುತ್ತದೆ. ಕಣ್ಣಿಗೆ ಎರಡೂ ಕಡೆಯ ದೃಶ್ಯ ಒಂದೇ. ಆದರೆ ಶರಾವತಿಯಲ್ಲಿ ದೋಣಿ ಮಗುಚಿ ಬಿದ್ದರೆ ಚಳಿಗೆ ನಡುಗುತ್ತಿದ್ದ ನಮಗೆ ನೀರೇ ಬೆಚ್ಚಗೆನ್ನಿಸುತ್ತಿತ್ತು, ಬೇಕೆಂದೇ ಇನ್ನೈದು ನಿಮಿಷ ಅದರಲ್ಲಿ ಉಳಿಯುತ್ತಿದ್ದೆವು. ಇಲ್ಲಿ ಆ ಹಬೆಯನ್ನು ನಂಬಬಾರದು. ಗಾಳಿ ಸೊನ್ನೆ ಡಿಗ್ರಿ, ನೀರು 8 ಡಿಗ್ರಿ ಇದ್ದರೂ ಹಬೆ ಏಳುತ್ತದೆ.

ನಾನು ಇಲ್ಲಿನ ತುರ್ಕು ನಗರಕ್ಕೆ ಬಂದ ಮೊದಲ ವರ್ಷ ಮಾಡಿದ ತಪ್ಪೆಂದರೆ, ಊರಿನಲ್ಲಿ ಕಲಿತ ವಿದ್ಯೆ ಎಲ್ಲ ನೀರಿಗೂ ಸಾಕೆಂದು ತಿಳಿದದ್ದು. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಲಿಂಗನಮಕ್ಕಿಯಲ್ಲಿ ಮುಳುಗಿದ ಕಾಡಿನ ಮರದ ಬೊಡ್ಡೆಗಳು ನೀರಿನ ಕೆಳಗೆ ಹೊಂಚು ಹಾಕಿರುತ್ತವೆ. ಇಲ್ಲಿ ಆ ಕೆಲಸವನ್ನು ಹಿಮಯುಗ ಬಿಟ್ಟುಹೋದ ಬಂಡೆಗಳು ಮಾಡುತ್ತವೆ. ಜೌಗು ಕಾಡಿನಿಂದ ಇಳಿದು ಬರುವ ನೀರು ಕಷಾಯದಂತೆ ಕಂದು ಬಣ್ಣದ್ದಾದ್ದರಿಂದ ಗೇಣು ಆಳದ ಬಂಡೆಯೂ ಕಾಣುವುದಿಲ್ಲ. ದಡದ ಹತ್ತಿರವೇ ಇರಿ ಎಂಬುದು ಸರಿಯಾದ ಮಾತು, ಆದರೆ ದಡದ ಹತ್ತಿರ ನಿಧಾನವಾಗಿರಿ ಎಂಬುದನ್ನೂ ಅದಕ್ಕೆ ಸೇರಿಸಿಕೊಳ್ಳಿ.

ಹದಿನಾಲ್ಕು ಚಳಿಗಾಲ

ಬಯಲುಸೀಮೆಯವರೇ, ನೀವು ಹೊರಡುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ನಾನು ಕೇಳದೆ ಹೋದವಳು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಇಲ್ಲಿಗೆ ಬಂದ ಎರಡನೆಯ ವರ್ಷ, ನವೆಂಬರ್ ಮೊದಲ ವಾರ, ಕಾಡಿನೊಳಗಿನ ಒಂದು ಚಿಕ್ಕ ಸರೋವರಕ್ಕೆ ಗೆಳತಿಯೊಂದಿಗೆ ಹೋಗಿದ್ದೆ. ಎಲೆಯೂ ಅಲುಗದಷ್ಟು ನಿಶ್ಚಲವಾದ ದಿನ. ಬಾಡಿಗೆಗೆ ದೋಣಿ ಕೊಟ್ಟವರು ಜೀವರಕ್ಷಕ ಜಾಕೆಟ್ ಕೊಟ್ಟರೇ ಹೊರತು ಮೈಮೇಲಿನ ಬಟ್ಟೆ ಯಾವುದೆಂದು ಕೇಳಲಿಲ್ಲ. ನಾನು ಜೀನ್ಸ್, ಹತ್ತಿಯ ಬನಿಯನ್ನು, ಅದರ ಮೇಲೆ ದಪ್ಪನೆಯ ಚಳಿಗಾಲದ ಕೋಟು ಹಾಕಿಕೊಂಡು, ಬೆಚ್ಚಗಿದ್ದೇನೆ ಎಂಬ ನೆಮ್ಮದಿಯಲ್ಲಿ ಕುಳಿತಿದ್ದೆ. ಹಿಂದೆ ಹಂಸಗಳ ಕೂಗು ಕೇಳಿ ಸೊಂಟ ತಿರುಗಿಸಿ ನೋಡಿದೆ, ಅಷ್ಟೇ. ದೋಣಿ ಮಗುಚಿತು. ದಡ ಮೂವತ್ತು ಮೀಟರ್ ದೂರದಲ್ಲಿತ್ತು.

ಮೊದಲು ತಿಳಿದದ್ದು ಚಳಿಯಲ್ಲ. ನನ್ನ ಅನುಮತಿಯಿಲ್ಲದೆ ಎದೆ ತಾನಾಗಿ ಬಾಯ್ತೆರೆದು ಉಸಿರೆಳೆದುಕೊಂಡಿತು. ಪುಣ್ಯಕ್ಕೆ ಆ ಕ್ಷಣ ತಲೆ ನೀರಿನ ಮೇಲೆ ಬಂದಿತ್ತು, ಆದರೂ ಒಂದು ಗುಟುಕು ನೀರು ಒಳಗೆ ಹೋಯಿತು. ಮುಂದಿನ ಒಂದು ನಿಮಿಷ ನಾಯಿ ತೇಕುವಂತೆ ತೇಕಿದೆ. ಗೆಳತಿ ಏನು ಕೂಗಿ ಹೇಳುತ್ತಿದ್ದಾಳೆಂದು ಕೇಳಿಸಿದರೂ ಉತ್ತರಿಸಲು ಉಸಿರು ಸಿಗಲಿಲ್ಲ. ಅವಳು ತನ್ನ ದೋಣಿಯ ಹಿಂಬದಿಯ ಹಿಡಿಗೆ ನನ್ನನ್ನು ನೇತುಹಾಕಿಕೊಂಡು ದಡಕ್ಕೆ ಎಳೆದಳು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಒಣಬಟ್ಟೆಯ ಚೀಲದ ಕೊಕ್ಕೆಯನ್ನು ಬಿಡಿಸಲು ಹೋದರೆ ನನ್ನ ಬೆರಳುಗಳು ಅದರ ಮೇಲೆ ಜಾರುತ್ತಿದ್ದವು. ಬೆರಳು ಕಣ್ಣೆದುರೇ ಇವೆ, ಮಡಿಸಬೇಕೆಂದು ಮನಸ್ಸು ಹೇಳುತ್ತಿದೆ, ಅವು ಮಾತ್ರ ಬೇರೆಯವರ ಬೆರಳುಗಳಂತೆ ಸುಮ್ಮನಿವೆ. ಕೊನೆಗೆ ಆ ಕೊಕ್ಕೆಯನ್ನು ಅವಳು ಬಿಚ್ಚಿದಳು, ಜೀನ್ಸನ್ನೂ ಅವಳೇ ಎಳೆದು ತೆಗೆದಳು. ಅವಳು ಜೊತೆಗೆ ಇರದಿದ್ದರೆ ಮೂವತ್ತು ಮೀಟರ್ ದೂರದ ದಡ ನನಗೆ ಮೂರು ಕಿಲೋಮೀಟರ್ ದೂರವಾಗುತ್ತಿತ್ತು.

ಆಮೇಲೆ ಕೋರ್ಸಿಗೆ ಸೇರಿ ಕಲಿತಾಗ ನನಗಾದದ್ದು ಎಲ್ಲರಿಗೂ ಆಗುವಂಥದ್ದೇ ಎಂದು ತಿಳಿಯಿತು. ಕೆನಡಾದ ಮನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಪ್ರಚಾರಕ್ಕೆ ತಂದ 1-10-1 ಎಂಬ ಲೆಕ್ಕವನ್ನು ಅಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಕೊರೆಯುವ ನೀರಿಗೆ ಬಿದ್ದವರಿಗೆ ಉಸಿರು ಹತೋಟಿಗೆ ಬರಲು 1 ನಿಮಿಷ ಬೇಕು, ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ಮೈಯ ಒಳಗಿನ ಶಾಖ ಇಳಿದು ಎಚ್ಚರ ತಪ್ಪಲು ಸುಮಾರು 1 ಗಂಟೆ. ಜನ ಹೆದರುವುದು ಕೊನೆಯ ಒಂದು ಗಂಟೆಗೆ. ಆದರೆ ಪ್ರಾಣ ಹೋಗುವುದು ಬಹುಪಾಲು ಮೊದಲ ಎರಡು ಹಂತಗಳಲ್ಲಿ. ನಿಮ್ಮ ಈಜು ಎಷ್ಟೇ ಗಟ್ಟಿಯಾಗಿದ್ದರೂ ಮೊದಲ ನಿಮಿಷದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ, ಹತ್ತು ನಿಮಿಷದ ಬಳಿಕ ಅದು ಇರುವುದೇ ಇಲ್ಲ. ಆದ್ದರಿಂದ ಜೀವರಕ್ಷಕ ಜಾಕೆಟ್ ಕಾಲಬಳಿ ಇಟ್ಟುಕೊಳ್ಳುವ ವಸ್ತುವಲ್ಲ, ದಡದಲ್ಲೇ ಬಿಗಿದು ಕಟ್ಟಿಕೊಳ್ಳಬೇಕಾದದ್ದು.

ಬಟ್ಟೆಯ ವಿಷಯದಲ್ಲಿ ಒಂದೇ ಮಾತು. ಗಾಳಿಗೆ ತಕ್ಕ ಬಟ್ಟೆ ಹಾಕಬೇಡಿ, ನೀರಿಗೆ ತಕ್ಕ ಬಟ್ಟೆ ಹಾಕಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಈ ತಿಂಗಳಲ್ಲಿ ನಾನು ಡ್ರೈಸೂಟ್ ಇಲ್ಲದೆ ನೀರಿಗೆ ಇಳಿಯುವುದಿಲ್ಲ. ಅದು ಕುತ್ತಿಗೆ ಮತ್ತು ಮಣಿಕಟ್ಟಿನಲ್ಲಿ ರಬ್ಬರಿನಿಂದ ಬಿಗಿಯಾಗಿ ಕಚ್ಚಿಕೊಂಡು ನೀರನ್ನು ಒಳಗೆ ಬಿಡುವುದಿಲ್ಲ, ಆದರೆ ತಾನಾಗಿ ಬೆಚ್ಚಗಿಡುವುದೂ ಇಲ್ಲ. ಬೆಚ್ಚಗಿಡುವುದು ಒಳಗಿನ ಉಣ್ಣೆ. ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಗದ್ದೆ ಕೆಲಸ ಮಾಡಿದ ನಮ್ಮ ಹಿರಿಯರಿಗೆ ಉಣ್ಣೆ ನೆನೆದರೂ ಕೈಬಿಡುವುದಿಲ್ಲವೆಂದು ಗೊತ್ತಿತ್ತು. ಹತ್ತಿ ಮಾತ್ರ ನೆನೆದ ಕೂಡಲೇ ಶತ್ರುವಾಗುತ್ತದೆ. ಡ್ರೈಸೂಟಿನ ಬೆಲೆ ನಿಮ್ಮ ಹಳೆಯ ಕಯಾಕಿನ ಬೆಲೆಗಿಂತ ಹೆಚ್ಚಿರಬಹುದು. ಈ ವರ್ಷ ಕೊಳ್ಳಲಾಗದಿದ್ದರೆ ಬಾಡಿಗೆಗೆ ತನ್ನಿ, ಸಿಗದಿದ್ದರೆ ಮೇ ಕೊನೆಯವರೆಗೆ ಕಾಯಿರಿ ಎಂದು ಅಕ್ಕನ ಸಲುಗೆಯಿಂದ ಹೇಳುತ್ತೇನೆ.

ಒಬ್ಬರೇ ಹೋಗಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಮೊದಲ ಶರತ್ಕಾಲದಲ್ಲಿ ಬೇಡ. ಮೌನ ಬೇಕಾದರೆ ಜೊತೆಗಿರುವವರೂ ಮೌನವಾಗಿರಬಲ್ಲರು.

ಬಯಲುಸೀಮೆಯವ

ಅಕ್ಕ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಡ್ರೈಸೂಟ್ ಇಲ್ಲದೆ ಹೋಗುವ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟಿದ್ದೇನೆ. ಒಂದು ಸಂದೇಹ ಮಾತ್ರ ಉಳಿದಿದೆ. ಇಲ್ಲಿನ ಜನ ಚಳಿಗಾಲದಲ್ಲಿ ಹಿಮಗಡ್ಡೆ ಕೊರೆದು ಅದರೊಳಗಿನ ನೀರಿಗೇ ಇಳಿಯುತ್ತಾರೆ, ವಯಸ್ಸಾದವರೂ ನಗುತ್ತ ಮೇಲೆ ಬರುತ್ತಾರೆ. ಅವರಿಗೆ ಆಗದ ಅಪಾಯ ಕಯಾಕಿನಿಂದ ಬಿದ್ದವರಿಗೆ ಹೇಗೆ ಆಗುತ್ತದೆ? ಹಾಗೆಯೇ, ಬಿದ್ದು ದಡ ಸೇರಿದ ಬಳಿಕ ಹತ್ತಿರದಲ್ಲೇ ಸೌನಾ, ಅಂದರೆ ಬಿಸಿ ಹಬೆಯ ಕೋಣೆ, ಇದ್ದರೆ ಅಲ್ಲಿಗೆ ಹೋಗಿ ಕುಳಿತರೆ ಸರಿಹೋಗುವುದಿಲ್ಲವೇ?

ಇರುಳು ಪಾಳಿ

ತುರ್ತು ಚಿಕಿತ್ಸೆಯ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯನಾಗಿ ಈ ಎರಡು ಪ್ರಶ್ನೆಗಳಿಗೆ ಉತ್ತರಿಸುತ್ತೇನೆ, ಏಕೆಂದರೆ ಎರಡನ್ನೂ ನನ್ನನ್ನು ಬಹಳ ಜನ ಕೇಳುತ್ತಾರೆ.

ಹಿಮದ ನೀರಿಗೆ ಇಳಿಯುವವರು ಏಣಿ ಹಿಡಿದು, ಉಸಿರನ್ನು ನಿಧಾನವಾಗಿ ಬಿಡುತ್ತ, ತಲೆಯನ್ನು ಮೇಲಿಟ್ಟುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾರೆ. ಅರ್ಧ ನಿಮಿಷ, ಒಂದು ನಿಮಿಷ ಇದ್ದು ಅದೇ ಏಣಿಯಿಂದ ಮೇಲೆ ಬರುತ್ತಾರೆ. ಅವರ ಮೈಗೆ ಅಭ್ಯಾಸವೂ ಆಗಿರುತ್ತದೆ. ತಣ್ಣೀರಿಗೆ ಕೆಲವೇ ಸಲ ಇಳಿದರೂ ಮೊದಲ ನಿಮಿಷದ ಆ ಏದುಸಿರು ಗಣನೀಯವಾಗಿ ತಗ್ಗುತ್ತದೆ ಎಂಬುದು ಚೆನ್ನಾಗಿ ದೃಢಪಟ್ಟ ಸಂಗತಿ. ದೋಣಿ ಮಗುಚಿದವರಿಗೆ ಏಣಿಯಿಲ್ಲ, ಸಿದ್ಧತೆಯಿಲ್ಲ, ತಲೆಯೇ ಮೊದಲು ನೀರಿಗೆ ಹೋಗುತ್ತದೆ. ಎಳೆದುಕೊಂಡ ಮೊದಲ ಉಸಿರಿನಲ್ಲಿ ಗಾಳಿಯ ಬದಲು ನೀರು ಒಳಗೆ ಹೋದರೆ ಮುಂದಿನ ಲೆಕ್ಕಗಳೆಲ್ಲ ವ್ಯರ್ಥ. ಅದೇ ಹೊತ್ತಿಗೆ ಹೃದಯದ ಬಡಿತವೂ ರಕ್ತದೊತ್ತಡವೂ ಒಮ್ಮೆಲೇ ಏರುವುದರಿಂದ, ಹೃದಯದ ತೊಂದರೆ ಇದ್ದವರು ಈ ಕಾಲದಲ್ಲಿ ನೀರಿಗೆ ಹೋಗುವ ಮೊದಲು ತಮ್ಮ ವೈದ್ಯರೊಂದಿಗೆ ಮಾತನಾಡಲೇಬೇಕು.

ಇನ್ನು ಸೌನಾದ ವಿಷಯ. ಸ್ವಲ್ಪ ನಡುಗುತ್ತಿರುವ, ಆದರೆ ಸ್ಪಷ್ಟವಾಗಿ ಮಾತನಾಡುವ, ತಾನೇ ನಡೆಯಬಲ್ಲ ವ್ಯಕ್ತಿಗೆ ಗಾಳಿ ತಾಗದ ಜಾಗ, ಒಣಬಟ್ಟೆ, ಟೊಪ್ಪಿಗೆ, ಬಿಸಿಯಾದ ಸಿಹಿ ಪಾನೀಯ ಇಷ್ಟು ಸಾಕಾಗುತ್ತದೆ. ಫ್ಲಾಸ್ಕಿನಲ್ಲಿ ಬೆಲ್ಲ ಹಾಕಿದ ಶುಂಠಿ ಕಷಾಯ ಒಯ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಆದರೆ ಮಾತು ತೊದಲುತ್ತಿದ್ದರೆ, ಹೆಜ್ಜೆ ತಪ್ಪುತ್ತಿದ್ದರೆ, ಅಥವಾ ಒದ್ದೆಯಾಗಿ ತಣ್ಣಗಿದ್ದರೂ ನಡುಕ ನಿಂತುಹೋಗಿದ್ದರೆ, ಅದು ಸುಧಾರಣೆಯಲ್ಲ, ಅಪಾಯದ ಗುರುತು. ಅಂಥವರನ್ನು ಸೌನಾಕ್ಕಾಗಲೀ ಬಿಸಿನೀರಿನ ಸ್ನಾನಕ್ಕಾಗಲೀ ಕರೆದೊಯ್ಯಬಾರದು. ಚರ್ಮದ ರಕ್ತನಾಳಗಳು ಒಮ್ಮೆಲೇ ಹಿಗ್ಗಿ ರಕ್ತದೊತ್ತಡ ಕುಸಿಯಬಹುದು. ಕೈಕಾಲು ತಿಕ್ಕಬಾರದು, ನಡೆದಾಡಿಸಬಾರದು, ಮದ್ಯವನ್ನಂತೂ ಕೊಡಲೇಬಾರದು. ಮಲಗಿಸಿ, ಒದ್ದೆ ಬಟ್ಟೆ ತೆಗೆದು, ನೆಲದಿಂದಲೂ ಚಳಿ ಏರದಂತೆ ಹೊದಿಸಿ 112ಕ್ಕೆ ಕರೆ ಮಾಡಬೇಕು. ಕರೆಯನ್ನು 112 ಸುವೋಮಿ ಎಂಬ ಆ್ಯಪ್ ಮೂಲಕ ಮಾಡಿದರೆ ನೀವಿರುವ ಸ್ಥಳ ತಾನಾಗಿ ಅವರಿಗೆ ತಲುಪುತ್ತದೆ. ಕಾಡಿನ ನಡುವೆ ನಿಂತು ಇಲ್ಲಿನ ಹೆಸರುಗಳನ್ನು ನಡುಗುವ ತುಟಿಯಿಂದ ಉಚ್ಚರಿಸುವ ಕಷ್ಟ ನಮ್ಮವರಿಗೆ ಬೇಡ. ಫೋನು ಜಲನಿರೋಧಕ ಚೀಲದಲ್ಲಿ ನಿಮ್ಮ ಎದೆಯ ಮೇಲಿರಲಿ. ದೋಣಿಯ ಡಬ್ಬಿಯಲ್ಲಿದ್ದರೆ ದೋಣಿ ಬೇರೆ ದಿಕ್ಕಿಗೆ ತೇಲಿಹೋದಾಗ ಅದೂ ಹೋಗುತ್ತದೆ.

ತಾಂಪೆರೆಯ ತಾಯಿ

ಎಲ್ಲರ ಮಾತನ್ನೂ ಓದುತ್ತಿದ್ದೇನೆ. ನನ್ನ ಒಂಬತ್ತು ವರ್ಷದ ಮಗ ಬೇಸಿಗೆಯ ಶಿಬಿರದಲ್ಲಿ ಕಯಾಕ್ ಕಲಿತು, ಈಗ ಶಾಲೆಯ ಶರತ್ಕಾಲದ ರಜೆಯಲ್ಲಿ ಮತ್ತೆ ಕರೆದೊಯ್ಯಿ ಎಂದು ಹಟ ಹಿಡಿದಿದ್ದಾನೆ. ಜೋಡಿ ಕಯಾಕಿನಲ್ಲಿ ನನ್ನ ಮುಂದೆ ಕೂರಿಸಿಕೊಂಡು ದಡದ ಬಳಿಯೇ ಅರ್ಧ ಗಂಟೆ ಸುತ್ತಿಸಿದರೆ ತಪ್ಪೇನಾದರೂ ಇದೆಯೇ?

ಹದಿನಾಲ್ಕು ಚಳಿಗಾಲ

ಬೇಡ ತಂಗಿ. ಮಕ್ಕಳ ಮೈ ಗಾತ್ರಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಆದ್ದರಿಂದ ಅವರು ನಮಗಿಂತ ಬೇಗ ತಣ್ಣಗಾಗುತ್ತಾರೆ. ಜೋಡಿ ಕಯಾಕ್ ಮಗುಚಿದರೆ ಇಬ್ಬರೂ ಒಟ್ಟಿಗೆ ನೀರಿನಲ್ಲಿರುತ್ತೀರಿ, ಮೊದಲ ನಿಮಿಷದಲ್ಲಿ ನಿಮ್ಮ ಉಸಿರೇ ನಿಮ್ಮ ಕೈಯಲ್ಲಿರುವುದಿಲ್ಲ. ಅವನನ್ನು ನೂಕ್ಸಿಯೊಗೇ ಕರೆತನ್ನಿ, ಆದರೆ ದಡದ ಹಾದಿಯಲ್ಲಿ ನಡೆಸಿ. ಅಲ್ಲಿನ ರಾಷ್ಟ್ರೀಯ ಉದ್ಯಾನದೊಳಗೆ ಬೆಂಕಿ ಹಾಕಲು ಗೊತ್ತುಮಾಡಿದ ಜಾಗಗಳಲ್ಲಿ ಸೌದೆಯನ್ನೂ ಇಟ್ಟಿರುತ್ತಾರೆ, ಕಾಳ್ಗಿಚ್ಚಿನ ಎಚ್ಚರಿಕೆ ಇಲ್ಲದ ದಿನ ಅಲ್ಲಿ ಜೋಳ ಸುಟ್ಟು ಕೊಡಿ.

ಹಾಗೆಯೇ ಮೇ ತಿಂಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಹಲವರು ಅಲ್ಲಿ ಮೋಸ ಹೋಗುತ್ತಾರೆ. ಹಿಮ ಕರಗಿದ ಹೊಸದರಲ್ಲಿ ಬಿಸಿಲು ಹೊಳೆಯುತ್ತಿರುತ್ತದೆ, ಗಾಳಿ 18 ಡಿಗ್ರಿ ಮುಟ್ಟುತ್ತದೆ, ನೀರು ಮಾತ್ರ ಇನ್ನೂ ಅಕ್ಟೋಬರಿನ ನೀರೇ ಆಗಿರುತ್ತದೆ. ಆಗ ತೋಳಿಲ್ಲದ ಅಂಗಿ ಹಾಕಿಕೊಂಡು ಹೊರಟವರನ್ನು ಕಂಡರೆ ನನಗೆ ಈಗಿನದಕ್ಕಿಂತಲೂ ಹೆಚ್ಚು ಆತಂಕವಾಗುತ್ತದೆ.

ಶರಾವತಿ ಹಿನ್ನೀರು

ಹಿಮಗಡ್ಡೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನಾಲ್ಕು ಮಾತು ಸೇರಿಸುತ್ತೇನೆ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಶರತ್ಕಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತ, ಕೆಳಗಿನದು ಮೇಲೆ ಬರುತ್ತ, ಇಡೀ ಸರೋವರ ಒಂದು ಹಂಡೆಯಂತೆ ಕಲಸಿಕೊಂಡು ತಳದವರೆಗೂ ಒಂದೇ ಸಮನೆ ತಣ್ಣಗಾಗುತ್ತದೆ. ಅದಾದ ಮೇಲಷ್ಟೇ ಮೇಲ್ಪದರ ಹೆಪ್ಪುಗಟ್ಟಲು ತೊಡಗುತ್ತದೆ. ಆಳವಿಲ್ಲದ, ಗಾಳಿ ತಾಗದ ಕೊಲ್ಲಿಗಳಲ್ಲಿ ಅದು ಮೊದಲು ಕಾಣಿಸಿಕೊಳ್ಳುತ್ತದೆ. ಆ ಮೊದಲ ತೆಳು ಹಾಳೆಗೆ ಇಲ್ಲಿಯವರು ರೀತೆ ಎನ್ನುತ್ತಾರೆ. ಹುಟ್ಟಿನ ಅಲಗು ಅದನ್ನು ಕಚ್ಚುವುದಿಲ್ಲ, ಜಾರುತ್ತದೆ; ಸಮತೋಲ ತಪ್ಪಿದಾಗ ನೀರಿನ ಮೇಲೆ ಹುಟ್ಟನ್ನು ಊರಿ ನಿಲ್ಲುವ ಆಧಾರವೇ ಕೈತಪ್ಪುತ್ತದೆ. ಅದರ ಅಂಚು ಗಾಜಿನಂತೆ ಹರಿತವಾಗಿರುವುದರಿಂದ ಗಾಳಿ ತುಂಬಿದ ದೋಣಿಗಳನ್ನು ಅದರ ಬಳಿ ಒಯ್ಯಲೇಬಾರದು. ಕಂಡ ಕೂಡಲೇ ಹಿಂದಿರುಗಿ.

ಹೊತ್ತಿನ ಬಗ್ಗೆಯೂ ಗಮನವಿರಲಿ. ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅಂದಿನಿಂದ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕಾಡಿನ ನೆರಳಿನಲ್ಲಿ ಕತ್ತಲು ಅದಕ್ಕೂ ಮೊದಲೇ ಬರುತ್ತದೆ. ಬಯಲುಸೀಮೆಯವರೇ, ಅಂದು ನನಗೂ ಬಿಡುವಿದೆ. ಅಕ್ಕನವರೂ ಬರುವುದಾದರೆ ನಾನು ತುರ್ಕುವಿನಿಂದ ಬೆಳಿಗ್ಗೆಯೇ ಹೊರಟು ಬರುತ್ತೇನೆ.

ಬಯಲುಸೀಮೆಯವ

ಹೋಗಿ ಬಂದೆವು. ಸಲಹೆ ಕೊಟ್ಟವರಿಗೆಲ್ಲ ವಿವರ ತಿಳಿಸುವುದು ನನ್ನ ಕರ್ತವ್ಯವೆಂದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಒಂಬತ್ತಕ್ಕೆ ದಡ ಸೇರಿದಾಗ ಗಾಳಿ ಸೊನ್ನೆಗಿಂತ 1 ಡಿಗ್ರಿ ಕೆಳಗಿತ್ತು, ನೀರು 5 ಡಿಗ್ರಿ. ಬಾಡಿಗೆಯ ಡ್ರೈಸೂಟ್ ತೊಡಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಕುತ್ತಿಗೆಯ ರಬ್ಬರನ್ನು ಬೆರಳಿನಿಂದ ಸ್ವಲ್ಪ ಹಿಗ್ಗಿಸಿ, ಮಂಡಿ ಮಡಚಿ ಕುಕ್ಕರಗಾಲಿನಲ್ಲಿ ಕುಳಿತು ಒಳಗಿನ ಗಾಳಿಯನ್ನು ಹೊರಹಾಕುವುದನ್ನು ಅಕ್ಕ ಹೇಳಿಕೊಟ್ಟರು. ದೋಣಿ ಇಳಿಸುವ ಮೊದಲು ಅವರು ಇನ್ನೊಂದು ಷರತ್ತು ಹಾಕಿದರು: ಎದೆಮಟ್ಟದ ನೀರಿಗೆ ಇಳಿದು, ಒಮ್ಮೆ ತಲೆ ಮುಳುಗಿಸಿ ಏಳಬೇಕು. ಮೈಗೆ ಒಂದು ಹನಿ ನೀರೂ ತಾಗಲಿಲ್ಲ, ಆದರೆ ಮುಖಕ್ಕೆ ನೀರು ತಾಗಿದ ಕ್ಷಣ ಹಣೆಗೆ ಹಲಗೆಯಿಂದ ಹೊಡೆದಂತಾಯಿತು. ತುಟಿ ಬಿಗಿಹಿಡಿದಿದ್ದರೂ ಎದೆ ಉಸಿರಿಗಾಗಿ ಜಗ್ಗಿತು. ಅವರು ಬರೆದದ್ದನ್ನು ನಾನು ಎರಡು ಸಲ ಓದಿದ್ದೆ. ಅರ್ಥವಾದದ್ದು ಆಗ.

ಬಳಿಕ ಎರಡು ಗಂಟೆ ನಡೆಸಿದೆವು. ಪಶ್ಚಿಮದ ದಡವನ್ನು ಹಿಡಿದು, ಕಯಾಕಿನ ಎರಡು ಉದ್ದದಷ್ಟು ಅಂತರ ಬಿಟ್ಟು, ಒಬ್ಬರ ಹಿಂದೊಬ್ಬರು. ಮೊದಲ ಅರ್ಧ ಗಂಟೆ ಯಾರೂ ಮಾತನಾಡಲಿಲ್ಲ. ಹುಟ್ಟಿನ ಅಲಗಿನಿಂದ ಜಾರಿದ ಹನಿ ನೀರಿಗೆ ಬೀಳುವ ಸದ್ದು ಎದುರು ದಡದ ಬಂಡೆಗೆ ತಾಗಿ ಹಿಂದಿರುಗುವಷ್ಟು ನಿಶ್ಶಬ್ದವಾಗಿತ್ತು. ಹಬೆಯ ನಡುವೆ ನೀರು ಎಲ್ಲಿ ಮುಗಿದು ಮರಗಳ ನೆರಳು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಟ್ಟಿನ ಕೋಲಿನ ಮೇಲೆ ಇಳಿದ ಹನಿಗಳು ಅಲ್ಲಲ್ಲೇ ಹೆಪ್ಪುಗಟ್ಟಿ, ಕೈಗವಸಿನ ಅಡಿಯಲ್ಲಿ ಸಾಬುದಾನಿಯ ಕಾಳುಗಳಂತೆ ಉರುಟುರುಟಾಗಿ ಸಿಗತೊಡಗಿದವು. ಸೊಂಟಕ್ಕೆ ತೊಟ್ಟು ದೋಣಿಯಲ್ಲಿ ಕೂರುವ ಜಾಗದ ಬಾಯನ್ನು ಮುಚ್ಚುವ ಸ್ಪ್ರೇ ಸ್ಕರ್ಟಿನ ಬಟ್ಟೆಯೂ ಬಿರುಸಾಯಿತು. ಅದನ್ನು ಬಿಚ್ಚುವ ಮುಂದಿನ ಕುಣಿಕೆ ಹೊರಗೇ ಇದೆಯೇ ಎಂದು ಶರಾವತಿಯವರು ಮೂರು ಸಲ ನೆನಪಿಸಿದರು, ನಾನು ಮೂರು ಸಲವೂ ಮುಟ್ಟಿ ನೋಡಿಕೊಂಡೆ.

ನಡುವೆ ಒಂದೆಡೆ ಏಳು ಹಂಸಗಳಿದ್ದವು. ನಾನು ಹತ್ತಿರ ಹೋಗಬೇಕೆಂದು ದೋಣಿ ತಿರುಗಿಸಿದಾಗ ಅಕ್ಕ ಹುಟ್ಟನ್ನು ಅಡ್ಡ ಹಿಡಿದು ತಡೆದರು. ವಲಸೆಯ ದಾರಿಯಲ್ಲಿರುವ ಹಕ್ಕಿಗಳನ್ನು ಒಮ್ಮೆ ಹಾರಿಸಿದರೆ ಅವು ದಿನವೆಲ್ಲ ತಿಂದು ಕೂಡಿಟ್ಟ ಶಕ್ತಿ ಖರ್ಚಾಗುತ್ತದೆ ಎಂದರು. ನಾವು ಅಲ್ಲೇ ನಿಂತೆವು. ಅವು ಕತ್ತು ನೆಟ್ಟಗೆ ಮಾಡಿ ನಮ್ಮನ್ನು ನೋಡಿ, ಮತ್ತೆ ನೀರಿನೊಳಕ್ಕೆ ತಲೆ ಹಾಕಿ ಮೇಯತೊಡಗಿದವು.

ಇನ್ನೂ ಮುಂದೆ ಜೊಂಡು ಬೆಳೆದ ಒಂದು ಕೊಲ್ಲಿಯ ಬಾಯಲ್ಲಿ, ಮುಂದಿದ್ದ ಶರಾವತಿಯವರ ದೋಣಿಯಿಂದ ಸಣ್ಣಗೆ ಹಪ್ಪಳ ಮುರಿದಂಥ ಸದ್ದು ಬಂತು. ನೋಡಿದರೆ ನೀರಿನ ಮೇಲೆ ಉಗುರಿನಷ್ಟು ತೆಳುವಾದ ಹಾಳೆ. ಅದರೊಳಗೆ ಒಂದು ಬರ್ಚ್ ಎಲೆ ಸಿಕ್ಕಿಕೊಂಡಿತ್ತು, ನರಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಅವರು ಏನೂ ಹೇಳದೆ ಹಿಂದಕ್ಕೆ ಹುಟ್ಟು ಹಾಕಿದರು. ನಾವೂ ತಿರುಗಿದೆವು.